ಕುಂಬಳಕಾಯಿ ಕಳ್ಳನ ಹೆಗಲು

ಸುಳ್ಳು ಪತ್ತೆ ಯಂತ್ರ ಹಿಡಿಯುವುದು ಸುಳ್ಳನ್ನೋ, ಮನಸ್ಸಿನೊಳಗಿನ ಗುಟ್ಟನ್ನೋ?

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬೂದುಗುಂಬಳವನ್ನು ಹೆಗಲ ಮೇಲೆ ಹೊತ್ತು ತಂದವನ ಮೈಗೆ ಅದರ ಬಿಳಿಯ ಬೂದಿ ಅಂಟಿರುತ್ತದೆ. ಹೊತ್ತವನಿಗೆ ಅದು ಗೊತ್ತು. ‘ಕುಂಬಳಕಾಯಿ ಕಳ್ಳ’ ಎಂದು ಯಾರೋ ಕೂಗಿದೊಡನೆ ಅವನ ಕೈ ಅವನಿಗರಿವಿಲ್ಲದೆಯೇ ಹೆಗಲಿನತ್ತ ಹೋಗುತ್ತದೆ. ಬಾಯಿ ಮುಚ್ಚಿಟ್ಟದ್ದನ್ನು ಕೈ ಹೇಳಿಬಿಡುತ್ತದೆ.

ಅಪರಾಧ ತನಿಖೆಯಲ್ಲಿ ಬಳಸುವ ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಯಂತ್ರದ ಹಿಂದಿರುವುದೂ ಇದೇ ಲೆಕ್ಕಾಚಾರ. ಆದರೆ ಈ ಗಾದೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಒಂದು, ಸಿಕ್ಕಿಬಿದ್ದೇನೆಂಬ ಅಂಜಿಕೆ. ಇನ್ನೊಂದು, ಹೆಗಲಿಗೆ ಬೂದಿ ಅಂಟಿರಬಹುದೆಂಬ ತಿಳಿವಳಿಕೆ. ಅಂಜಿಕೆ ಯಾರಿಗಾದರೂ ಆಗಬಹುದು. ಠಾಣೆಯ ಮೆಟ್ಟಿಲನ್ನೇ ಹತ್ತದ ಸಾಧು ಮನುಷ್ಯನಿಗೆ ಅದು ಕಳ್ಳನಿಗಿಂತ ಹೆಚ್ಚಾಗಿಯೇ ಆದೀತು. ತಿಳಿವಳಿಕೆ ಹಾಗಲ್ಲ. ಅದು ಅಲ್ಲಿದ್ದವನಿಗೆ ಮಾತ್ರ ಇರುತ್ತದೆ. ಸುಳ್ಳು ಪತ್ತೆಯ ನೂರು ವರ್ಷಗಳ ವಿಜ್ಞಾನದಲ್ಲಿ ನಡೆದಿರುವ ದೊಡ್ಡ ವಾದವೆಲ್ಲ ಈ ಎರಡರಲ್ಲಿ ಯಾವುದನ್ನು ಅಳೆಯಬೇಕು ಎಂಬುದರ ಸುತ್ತಲೇ.

ಅಕ್ಕಿ ಅಗಿಸಿದ ಕಾಲ

ಮೈಯನ್ನು ಕಾಡಿ ಸತ್ಯ ಹೊರಡಿಸುವ ಯತ್ನ ನಮ್ಮಲ್ಲಿ ಹೊಸದೇನಲ್ಲ. ಧರ್ಮಶಾಸ್ತ್ರಗಳು ಇದನ್ನು ‘ದಿವ್ಯ’ ಎಂದು ಕರೆದವು. ಯಾಜ್ಞವಲ್ಕ್ಯ ಸ್ಮೃತಿ ತುಲಾ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ಹೇಳುತ್ತದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಹೆಸರಾಂತ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ದಿವ್ಯ ಬರಿಯ ಗ್ರಂಥದ ಮಾತಾಗಿರಲಿಲ್ಲ. ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಗೋವೆಯ ಕದಂಬರ ಕಾಲದ, 12ನೆಯ ಶತಮಾನದ ಕೊನೆಯ ಭಾಗದ ಶಾಸನವೊಂದಿದೆ. ಎರಡು ದೇವಾಲಯಗಳ ಆಚಾರ್ಯರ ನಡುವೆ ಹೊಲವೊಂದರ ಬಗ್ಗೆ ವ್ಯಾಜ್ಯ ಹುಟ್ಟಿ, ಅದನ್ನು ತೀರ್ಮಾನಿಸಲು ಕಾಸಿದ ನೇಗಿಲ ಗುಳವನ್ನು ಹಿಡಿಯುವ ‘ಫಾಳದಿವ್ಯ’ಕ್ಕೆ ಮೊರೆಹೋದ ವಿಷಯ ಅದರಲ್ಲಿದೆ.

ಇವುಗಳಲ್ಲಿ ಇಂದಿನ ಯಂತ್ರಕ್ಕೆ ಅತ್ಯಂತ ಹತ್ತಿರವಾದುದು ‘ತಂಡುಲ ದಿವ್ಯ’. ಇದು ಕಳವಿನ ಪ್ರಕರಣಗಳಿಗೆಂದೇ ಹೇಳಿದ್ದು. ಶಂಕಿತನಿಗೆ ಅಕ್ಕಿ ಕೊಟ್ಟು ಅಗಿದು ಉಗುಳಲು ಹೇಳುತ್ತಿದ್ದರು. ಉಗುಳಿದ್ದರಲ್ಲಿ ರಕ್ತ ಕಂಡರೆ, ದವಡೆ ನಡುಗಿದರೆ ಅವನೇ ಕಳ್ಳ. ಇದರಲ್ಲಿ ಸ್ವಲ್ಪ ಶರೀರಶಾಸ್ತ್ರವೂ ಇದೆ. ಭಯವಾದಾಗ ಬಾಯಿಯ ಪಸೆ ಆರುತ್ತದೆ. ಒಣಗಿದ ಬಾಯಿಯಲ್ಲಿ ಒಣ ಅಕ್ಕಿ ಅಗಿದರೆ ಒಸಡು ತರಚುತ್ತದೆ. ಆದರೆ ಬಾಯಿ ಒಣಗಿದ್ದು ಕದ್ದದ್ದಕ್ಕೋ, ಕದ್ದೆ ಎಂದು ಹತ್ತು ಜನರೆದುರು ಅನ್ನಿಸಿಕೊಂಡದ್ದಕ್ಕೋ ಎಂಬುದನ್ನು ಅಕ್ಕಿ ಹೇಳಲಾರದು.

ದಿವ್ಯಗಳು ಹೋದರೂ ಅದರ ನೆರಳು ಹಳ್ಳಿಗಳಲ್ಲಿ ಉಳಿಯಿತು. ದೇವರ ಮುಂದೆ ಕರ್ಪೂರ ಹಚ್ಚಿ ಆರಿಸುವುದು, ಮಕ್ಕಳ ತಲೆ ಮುಟ್ಟಿ ಆಣೆ ಇಡುವುದು ಈಗಲೂ ಕೇಳಿಬರುವ ಮಾತುಗಳೇ. ಪ್ರಮಾಣ ಮಾಡಲು ಹಿಂಜರಿದವನ ಮೇಲೆ ಊರಿನ ಅನುಮಾನ ನಿಲ್ಲುತ್ತದೆ. ಇಲ್ಲಿಯೂ ಅಳೆಯುತ್ತಿರುವುದು ಅಂಜಿಕೆಯನ್ನೇ.

ಅಂಜಿಕೆಯನ್ನು ಅಳೆಯುವ ಯಂತ್ರ

ಪಶ್ಚಿಮದಲ್ಲಿ ಇದಕ್ಕೆ ಉಪಕರಣ ಹೊಂದಿಸಿದವರಲ್ಲಿ ಇಟಲಿಯ ಅಪರಾಧಶಾಸ್ತ್ರಜ್ಞ ಚೆಸಾರೆ ಲೊಂಬ್ರೋಸೋ ಮೊದಲಿಗ. 19ನೆಯ ಶತಮಾನದ ಕೊನೆಯಲ್ಲಿ ಆತ ಶಂಕಿತರನ್ನು ಪ್ರಶ್ನಿಸುವಾಗ ನಾಡಿಯ ಏರಿಳಿತವನ್ನು ದಾಖಲಿಸಿದ. 1915ರ ಸುಮಾರಿಗೆ ಅಮೆರಿಕದ ಹಾರ್ವರ್ಡ್‌ನಲ್ಲಿ ವಿಲಿಯಂ ಮಾರ್ಸ್ಟನ್ ರಕ್ತದೊತ್ತಡವನ್ನು ಅಳೆಯತೊಡಗಿದ. ಮಕ್ಕಳ ಚಿತ್ರಕಥೆಗಳ ‘ವಂಡರ್ ವುಮನ್’ ಪಾತ್ರವನ್ನು ಸೃಷ್ಟಿಸಿದವನೂ ಈತನೇ. ಆಕೆಯ ಕೈಯಲ್ಲಿರುವ ಹಗ್ಗ ಸುತ್ತಿದರೆ ಎದುರಾಳಿ ನಿಜವನ್ನೇ ಹೇಳಬೇಕು! 1921ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ರಕ್ತದೊತ್ತಡ ಮತ್ತು ಉಸಿರಾಟ ಎರಡನ್ನೂ ಒಟ್ಟಿಗೆ ಬರೆಯುವ ಯಂತ್ರ ಮಾಡಿದ. ಮುಂದೆ ಬೆರಳ ಚರ್ಮದ ಬೆವರನ್ನು ಅಳೆಯುವ ಏರ್ಪಾಡೂ ಸೇರಿತು.

ಇಂದಿನ ಯಂತ್ರವೂ ಮೂಲತಃ ಅದೇ. ಎದೆಗೂ ಹೊಟ್ಟೆಗೂ ಉಸಿರಾಟ ತಿಳಿಯುವ ಪಟ್ಟಿ, ತೋಳಿಗೆ ರಕ್ತದೊತ್ತಡದ ಪಟ್ಟಿ, ಬೆರಳಿಗೆ ಚರ್ಮದ ವಿದ್ಯುತ್ ವಾಹಕತೆ ಅಳೆಯುವ ಬಿಲ್ಲೆಗಳು. ಆಗ ಕಾಗದದ ಸುರುಳಿಯ ಮೇಲೆ ಸೂಜಿ ಗೀರುತ್ತಿತ್ತು, ಈಗ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಓಡುತ್ತದೆ. ಅಷ್ಟೇ ವ್ಯತ್ಯಾಸ.

ಪ್ರಶ್ನೆ ಕೇಳುವ ಕ್ರಮವೇ ಮುಖ್ಯ. ಅಮೆರಿಕದಲ್ಲಿ ಹೆಚ್ಚು ಬಳಕೆಗೆ ಬಂದದ್ದು 1947ರಲ್ಲಿ ಜಾನ್ ರೀಡ್ ರೂಪಿಸಿದ ವಿಧಾನ. ಇದರಲ್ಲಿ ‘ಆ ಸರ ಕದ್ದವನು ನೀನೇ ಏನು?’ ಎಂಬ ನೇರ ಪ್ರಶ್ನೆಯ ಜೊತೆಗೆ ‘ಇದುವರೆಗೆ ಎಂದಾದರೂ ಬೇರೆಯವರ ವಸ್ತು ತೆಗೆದುಕೊಂಡಿದ್ದೀಯಾ?’ ಎಂಬಂತಹ ಹೋಲಿಕೆಯ ಪ್ರಶ್ನೆಯನ್ನೂ ಕೇಳುತ್ತಾರೆ. ಕಳ್ಳನಿಗೆ ಮೊದಲನೆಯ ಪ್ರಶ್ನೆ ಹೆಚ್ಚು ಕಳವಳ ತರುತ್ತದೆ, ನಿರಪರಾಧಿಗೆ ಎರಡನೆಯದು ಎಂಬುದು ಇದರ ನಂಬಿಕೆ. ಆದರೆ ನಿರಪರಾಧಿಗೆ ತನ್ನ ಮೇಲೆ ಬಂದಿರುವ ಅಪವಾದವೇ ದೊಡ್ಡ ಭಯವಲ್ಲವೇ? ಇತ್ತ ಗಟ್ಟಿ ಮನಸ್ಸಿನ ತಪ್ಪಿತಸ್ಥ ತಪ್ಪಿಸಿಕೊಳ್ಳಬಹುದು. ಸೋವಿಯತ್ ಒಕ್ಕೂಟಕ್ಕೆ ಗುಟ್ಟುಗಳನ್ನು ಮಾರುತ್ತಿದ್ದ ಅಮೆರಿಕದ ಸಿ.ಐ.ಎ. ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲಿಯೂ 1991ರಲ್ಲಿಯೂ ಪಾಲಿಗ್ರಾಫ್ ಪರೀಕ್ಷೆಯಲ್ಲಿ ಪಾಸಾಗಿದ್ದ. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇದನ್ನೆಲ್ಲ ಪರಿಶೀಲಿಸಿ, ನಿರ್ದಿಷ್ಟ ಘಟನೆಯ ತನಿಖೆಯಲ್ಲಿ ಪಾಲಿಗ್ರಾಫ್ ಬರಿಯ ಊಹೆಗಿಂತ ಸಾಕಷ್ಟು ಮೇಲು, ಆದರೆ ಪರಿಪೂರ್ಣತೆಗಿಂತ ಬಹಳ ಕೆಳಗೆ ಎಂಬ ತೀರ್ಮಾನಕ್ಕೆ ಬಂತು.

ಲಿಕ್ಕೆನ್ ಹೂಡಿದ ಉಪಾಯ

ಮಿನ್ನೆಸೋಟಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇವಿಡ್ ಲಿಕ್ಕೆನ್ 1959ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದ. ‘ನೀನು ಸುಳ್ಳು ಹೇಳುತ್ತಿದ್ದೀಯಾ?’ ಎಂದು ಹುಡುಕುವ ಬದಲು ‘ನಿನಗೆ ಗೊತ್ತಿದೆಯೇ?’ ಎಂದು ಹುಡುಕಿದರೇನು? ಅಪರಾಧ ನಡೆದಲ್ಲಿ ಇದ್ದವನಿಗೆ ಮಾತ್ರ ಗೊತ್ತಿರುವ ವಿವರಗಳನ್ನು ಬೇರೆ ನಾಲ್ಕಾರು ವಿವರಗಳ ನಡುವೆ ಸೇರಿಸಿ ಕೇಳುವುದು ಅವನ ಉಪಾಯ. ಇದಕ್ಕೆ ‘ತಪ್ಪಿತಸ್ಥನ ತಿಳಿವಳಿಕೆಯ ಪರೀಕ್ಷೆ’ ಎಂದು ಹೆಸರಾಯಿತು. ಈಗ ‘ಬಚ್ಚಿಟ್ಟ ಮಾಹಿತಿಯ ಪರೀಕ್ಷೆ’ ಎನ್ನುತ್ತಾರೆ.

ಉದಾಹರಣೆಗೆ, ಗುಬ್ಬಿ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ ಕಳವಾಯಿತೆಂದು ಇಟ್ಟುಕೊಳ್ಳೋಣ. ಕಳ್ಳರು ಹೆಂಚು ಸರಿಸಿ ಒಳಗಿಳಿದು, ರಾಗಿ ಗುಡಾಣದಲ್ಲಿ ಬಚ್ಚಿಟ್ಟಿದ್ದ ಒಡವೆಯನ್ನು ಒಯ್ದಿದ್ದಾರೆ. ಒಡವೆ ಸುತ್ತಿಟ್ಟದ್ದು ಮಗುವಿನ ಹಳೆಯ ಕುಲಾವಿಯಲ್ಲಿ. ಈ ಮೂರು ವಿವರಗಳು ಮನೆಯ ಯಜಮಾನಿಗೆ, ತನಿಖೆಯ ಎಸ್.ಐ.ಗೆ, ಕಳ್ಳನಿಗೆ ಬಿಟ್ಟರೆ ಯಾರಿಗೂ ತಿಳಿಯದು. ಶಂಕಿತನನ್ನು ಯಂತ್ರದ ಮುಂದೆ ಕೂರಿಸಿ ಹೀಗೆ ಕೇಳಬಹುದು:

‘ಒಡವೆ ಎಲ್ಲಿತ್ತು? ಅಟ್ಟದ ಮೇಲೆಯೇ? ಬೀರುವಿನಲ್ಲಿಯೇ? ಟ್ರಂಕಿನಲ್ಲಿಯೇ? ರಾಗಿ ಗುಡಾಣದಲ್ಲಿಯೇ? ದೇವರ ಗೂಡಿನಲ್ಲಿಯೇ? ಹಾಸಿಗೆಯ ಅಡಿಯಲ್ಲಿಯೇ?’

ಪ್ರತಿಯೊಂದರ ನಡುವೆ ಕೆಲವು ಸೆಕೆಂಡುಗಳ ಬಿಡುವು. ಎಲ್ಲದಕ್ಕೂ ಅವನು ‘ಇಲ್ಲ’, ‘ಗೊತ್ತಿಲ್ಲ’ ಎನ್ನಲಿ, ಸುಮ್ಮನೆಯೇ ಇರಲಿ. ನಿಜವಾಗಿ ಗೊತ್ತಿಲ್ಲದವನಿಗೆ ಆರೂ ಒಂದೇ. ಗೊತ್ತಿರುವವನಿಗೆ ‘ರಾಗಿ ಗುಡಾಣ’ ಎಂಬ ಮಾತು ಕಿವಿಗೆ ಬಿದ್ದಾಗ ಬೆರಳ ತುದಿಯಲ್ಲಿ ಕಾಣದಷ್ಟು ಬೆವರು ಹೆಚ್ಚುತ್ತದೆ, ಉಸಿರು ಕ್ಷಣಕಾಲ ತಗ್ಗುತ್ತದೆ, ಎದೆಬಡಿತ ತುಸು ನಿಧಾನವಾಗುತ್ತದೆ.

ಎದೆಬಡಿತ ನಿಧಾನವಾಗುತ್ತದೆ ಎಂಬುದನ್ನು ಗಮನಿಸಬೇಕು. ಭಯಕ್ಕೆ ಎದೆ ಜೋರಾಗಿ ಹೊಡೆದುಕೊಳ್ಳುವುದೆಂದು ನಾವು ತಿಳಿದಿರುತ್ತೇವೆ. ಇಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಭಯವಲ್ಲ, ಗಮನ. ಸಂತೆಯ ಗದ್ದಲದಲ್ಲಿ ಯಾರೋ ನಮ್ಮ ಹೆಸರು ಹಿಡಿದರೆ ಕಿವಿ ತಾನಾಗಿ ನೆಟ್ಟಗಾಗುತ್ತದಲ್ಲ, ಹಾಗೆ. ನಾಯಿಗಳ ಮೇಲೆ ಪ್ರಯೋಗ ಮಾಡಿದ ರಷ್ಯದ ಪಾವ್ಲೋವ್ ಇದನ್ನು ‘ಏನದು?’ ಎಂಬ ಪ್ರತಿಕ್ರಿಯೆ ಎಂದಿದ್ದ. ಗುರುತು ಸಿಕ್ಕ ಮಾತಿಗೆ ಮೈ ಒಂದು ಕ್ಷಣ ನಿಂತು ಕೇಳಿಸಿಕೊಳ್ಳುತ್ತದೆ.

ಪಟ್ಟಿಯ ಮೊದಲ ಆಯ್ಕೆಯನ್ನು, ಇಲ್ಲಿ ‘ಅಟ್ಟ’ವನ್ನು, ಲೆಕ್ಕಕ್ಕೆ ಹಿಡಿಯುವುದಿಲ್ಲ; ಮೊದಲು ಬಂದ ಮಾತಿಗೆ ಯಾರ ಮೈಯಾದರೂ ಸ್ಪಂದಿಸುತ್ತದೆ. ಉಳಿದದ್ದು ಐದು. ನಿರಪರಾಧಿಯ ಮೈ ಆಕಸ್ಮಿಕವಾಗಿ ಸರಿಯುತ್ತರಕ್ಕೇ ಹೆಚ್ಚು ಸ್ಪಂದಿಸುವ ಸಂಭವ ಐದರಲ್ಲಿ ಒಂದು. ಅದು ಸಣ್ಣದೇನಲ್ಲ. ಆದರೆ ಇಂತಹ ಆರು ಪ್ರಶ್ನೆಗಳನ್ನು ಕೇಳಿ, ಆರಕ್ಕೆ ಆರೂ ಆಕಸ್ಮಿಕವಾಗಿ ಹೊಂದುವ ಸಂಭವ 15,625ರಲ್ಲಿ ಒಂದು. ಪರೀಕ್ಷೆಯ ಬಲವಿರುವುದು ಈ ಗುಣಾಕಾರದಲ್ಲಿ.

ಆಯ್ಕೆಗಳೆಲ್ಲ ಸಮನಾಗಿರಬೇಕು ಎಂಬುದು ಇನ್ನೊಂದು ನಿಯಮ. ರಾಗಿ ಗುಡಾಣದ ಪಕ್ಕದಲ್ಲಿ ‘ಸ್ವಿಸ್ ಬ್ಯಾಂಕಿನಲ್ಲಿಯೇ?’ ಎಂದು ಕೇಳಿದರೆ ಮೈ ಮಿಡಿಯುವುದು ನಗುವಿಗೆ. ಆದ್ದರಿಂದ ಪ್ರಶ್ನೆಗಳನ್ನು ಮೊದಲು ಘಟನೆಯ ಗಂಧಗಾಳಿ ಇಲ್ಲದ ಕೆಲವರ ಮುಂದಿಟ್ಟು, ಸರಿಯುತ್ತರ ತಾನಾಗಿ ಎದ್ದು ಕಾಣುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಎಷ್ಟು ನಂಬಬಹುದು?

ಲಿಕ್ಕೆನ್ 49 ವಿದ್ಯಾರ್ಥಿಗಳಲ್ಲಿ ಕೆಲವರಿಂದ ಅಣಕು ಕೊಲೆ ಮತ್ತು ಅಣಕು ಕಳವು ಮಾಡಿಸಿ ಪ್ರತಿಯೊಬ್ಬರನ್ನೂ ಎರಡೂ ವಿಷಯದಲ್ಲಿ ಪರೀಕ್ಷಿಸಿದ. ತಪ್ಪಿತಸ್ಥರ 50 ಪರೀಕ್ಷೆಗಳಲ್ಲಿ 44 ಸರಿಯಾದವು. ಏನೂ ಮಾಡದವರ 48 ಪರೀಕ್ಷೆಗಳಲ್ಲಿ ಒಂದೂ ತಪ್ಪಲಿಲ್ಲ. ಪ್ರಯೋಗಾಲಯದ ಆಟ ಬೇರೆ, ಠಾಣೆಯ ವಾಸ್ತವ ಬೇರೆ. ಇಸ್ರೇಲ್ ಪೊಲೀಸರ ಹಳೆಯ 98 ದಾಖಲೆಗಳನ್ನು ಸಂಶೋಧಕ ಎಟಾನ್ ಎಲಾಡ್ ಪರಿಶೀಲಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಚರ್ಮದ ಸ್ಪಂದನವನ್ನಷ್ಟೇ ನೋಡಿದಾಗ ನಿರಪರಾಧಿಗಳಲ್ಲಿ ಶೇ 98 ಮಂದಿಯನ್ನು ಪರೀಕ್ಷೆ ಸರಿಯಾಗಿ ಗುರುತಿಸಿತ್ತು. ತಪ್ಪಿತಸ್ಥರಲ್ಲಿ ಸಿಕ್ಕಿದವರು ಶೇ 42 ಮಾತ್ರ. ಉಸಿರಾಟವನ್ನೂ ಸೇರಿಸಿದ 1992ರ ಅಧ್ಯಯನದಲ್ಲಿ ಈ ಪ್ರಮಾಣ ಕ್ರಮವಾಗಿ ಶೇ 94 ಮತ್ತು ಶೇ 76 ಆಯಿತು.

ತಪ್ಪಿತಸ್ಥರು ಅಷ್ಟೊಂದು ಮಂದಿ ನುಣುಚಿಕೊಳ್ಳಲು ಕಾರಣವಿದೆ. ಕತ್ತಲಲ್ಲಿ, ಅವಸರದಲ್ಲಿ ಕದ್ದವನು ಒಡವೆ ಸುತ್ತಿದ್ದ ಬಟ್ಟೆ ಕುಲಾವಿಯೋ ಕರವಸ್ತ್ರವೋ ಎಂದು ನೋಡಿರುವುದೇ ಇಲ್ಲ. ಪೊಲೀಸರಿಗೆ ಮುಖ್ಯವಾಗಿ ಕಂಡದ್ದು ಕಳ್ಳನ ನೆನಪಿನಲ್ಲಿ ಉಳಿದಿರಬೇಕೆಂದೇನೂ ಇಲ್ಲ. ಆದರೂ ನ್ಯಾಯದ ದೃಷ್ಟಿಯಿಂದ ಈ ಪರೀಕ್ಷೆಯ ಒಲವು ಸರಿಯಾದ ಕಡೆಗಿದೆ. ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು ಎಂಬ ಮಾತಿಗೆ ಇದು ಹತ್ತಿರದ್ದು.

ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ನೆಚ್ಚಿಕೊಂಡಿರುವ ದೇಶ ಜಪಾನ್. ಅಲ್ಲಿ ವರ್ಷಕ್ಕೆ ಸುಮಾರು 5000 ಪರೀಕ್ಷೆಗಳು ನಡೆದ ವರದಿಗಳಿವೆ. ಪರೀಕ್ಷಕರು ಪೊಲೀಸ್ ಪ್ರಯೋಗಾಲಯದ ಮನೋವಿಜ್ಞಾನಿಗಳು. ಅಲ್ಲಿನ ತನಿಖೆ ಹೊರಗೆ ಹೋಗಬಾರದ ವಿವರಗಳನ್ನು ಮೊದಲಿನಿಂದಲೇ ಕಾಪಾಡಿಕೊಂಡು ಬರುತ್ತದೆ. ಅಮೆರಿಕದಲ್ಲಿ ಹೀಗಾಗಲಿಲ್ಲ. ಅಲ್ಲಿನ ಎಫ್.ಬಿ.ಐ. ಕಡತಗಳನ್ನು 1990ರ ದಶಕದಲ್ಲಿ ಪರಿಶೀಲಿಸಿದಾಗ ಬಹುಪಾಲು ಪ್ರಕರಣಗಳಲ್ಲಿ ಈ ಪರೀಕ್ಷೆಗೆ ಬೇಕಾದಷ್ಟು ಗುಟ್ಟಿನ ವಿವರಗಳೇ ಇರಲಿಲ್ಲ.

ಗುಟ್ಟು ರಟ್ಟಾದರೆ

ಕನ್ನಡ ನಾಡಿನ ಮಟ್ಟಿಗೆ ಪರೀಕ್ಷೆಯ ಎಡವುಗಲ್ಲು ಇರುವುದೇ ಇಲ್ಲಿ. ಗುಬ್ಬಿಯ ಆ ಮನೆಗೆ ಹಿಂತಿರುಗೋಣ. ಬೆಳಗಿನ ಆರು ಗಂಟೆಗೆ ಕಳವು ಗೊತ್ತಾಗುತ್ತದೆ. ಪೊಲೀಸರು ಬರುವ ವೇಳೆಗೆ ಅರ್ಧ ಊರು ಅಂಗಳದಲ್ಲಿ. ‘ಅಯ್ಯೋ, ರಾಗಿ ಗುಡಾಣದಲ್ಲಿ ಇಟ್ಟಿದ್ದೆನಪ್ಪ’ ಎಂದು ಯಜಮಾನಿ ಬಂದವರಿಗೆಲ್ಲ ಹೇಳಿಕೊಂಡು ಅಳುತ್ತಾಳೆ. ಅಳದೆ ಇರಲು ಹೇಗೆ ಸಾಧ್ಯ? ಎಂಟು ಗಂಟೆಗೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿಯ ಜೊತೆ ಅದೇ ಮಾತು. ಮಧ್ಯಾಹ್ನಕ್ಕೆ ಮೊಬೈಲಿನಲ್ಲಿ ಗುಡಾಣದ ಚಿತ್ರ ತುಮಕೂರು ದಾಟಿ ಕುಣಿಗಲ್ ಸೇರಿರುತ್ತದೆ. ಸಂಜೆ ಟಿ.ವಿ.ಯಲ್ಲಿ, ಮರುದಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ವಾರ ಕಳೆದು ಶಂಕಿತನನ್ನು ಯಂತ್ರದ ಮುಂದೆ ಕೂರಿಸಿ ‘ರಾಗಿ ಗುಡಾಣ’ ಎಂದರೆ ಅವನ ಮೈ ಮಾತ್ರವಲ್ಲ, ಜಿಲ್ಲೆಯಲ್ಲಿ ಯಾರನ್ನು ಕೂರಿಸಿದರೂ ಮೈ ಮಿಡಿಯುತ್ತದೆ.

ಗುಟ್ಟು ಸೋರುವ ಇನ್ನೊಂದು ದಾರಿ ತನಿಖೆಯೇ. ‘ಗುಡಾಣದೊಳಗೆ ಕೈ ಹಾಕಿದೆಯಲ್ಲ, ಒಪ್ಪಿಕೋ’ ಎಂದು ವಿಚಾರಣೆಯಲ್ಲಿ ಗದರಿಸಿದ ಮರುಕ್ಷಣ ಆ ವಿವರ ಪರೀಕ್ಷೆಗೆ ಸತ್ತಂತೆ. ಅದರಿಂದ ಇನ್ನೂ ದೊಡ್ಡ ಅಪಾಯವೂ ಇದೆ. ಏಟಿಗೋ ಬೆದರಿಕೆಗೋ ತಪ್ಪೊಪ್ಪಿಕೊಂಡವನು ಪೊಲೀಸರು ತನಗೆ ಹೇಳಿದ ವಿವರಗಳನ್ನೇ ತಿರುಗಿ ಅವರಿಗೆ ಒಪ್ಪಿಸಬಹುದು. ಯಾರಿಗೂ ಹೇಳದೆ ಉಳಿಸಿಕೊಂಡ ಎರಡು ವಿವರಗಳಿದ್ದರೆ ಆ ತಪ್ಪೊಪ್ಪಿಗೆ ನಿಜವೋ ಸುಳ್ಳೋ ಎಂದು ಪೊಲೀಸರೇ ತಿಳಿಯಬಹುದು. ಗುಟ್ಟಿನ ವಿವರ ಕಳ್ಳನನ್ನು ಹಿಡಿಯುವಷ್ಟೇ ನಿರಪರಾಧಿಯನ್ನು ಬಿಡಿಸಲೂ ನೆರವಾಗುತ್ತದೆ.

ಗೊತ್ತಿದ್ದ ಮಾತ್ರಕ್ಕೆ ಕಳ್ಳನೇ ಆಗಬೇಕಿಲ್ಲ ಎಂಬುದು ಇನ್ನೊಂದು ತೊಡಕು. ಕಿಟಕಿಯಿಂದ ಕಂಡ ನೆರೆಯವನಿಗೂ, ಒಡವೆ ಎಲ್ಲಿದೆಯೆಂದು ಮೊದಲೇ ಬಲ್ಲ ಕೆಲಸದವಳಿಗೂ ಗುಡಾಣದ ಮಾತು ಮೈಗೆ ತಾಗುತ್ತದೆ. ಯಂತ್ರ ಹೇಳುವುದು ‘ಇವನಿಗೆ ಗೊತ್ತಿರಬಹುದು’ ಎಂದಷ್ಟೇ. ಹೇಗೆ ಗೊತ್ತಾಯಿತು ಎಂಬುದನ್ನು ಮನುಷ್ಯರೇ ಪತ್ತೆ ಮಾಡಬೇಕು.

ಬೆಂಗಳೂರಿನಿಂದ ದೆಹಲಿಗೆ

ತುಮಕೂರಿನವರು ಈ ಬಗೆಯ ಪರೀಕ್ಷೆಗಳ ಹೆಸರನ್ನು ಮನೆಮಾತಾಗಿ ಕೇಳತೊಡಗಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಆಗ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ದೇಶದಾದ್ಯಂತ ಸುದ್ದಿಯಾಯಿತು. ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಎಂಬ ಮೂರೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳು ಟಿ.ವಿ. ವಾಹಿನಿಗಳಲ್ಲಿಯೂ ಬಂದವು. ಮೂರೂ ಒಂದೇ ಅಲ್ಲ. ಮಂಪರು ಪರೀಕ್ಷೆಯಲ್ಲಿ ಮದ್ದು ಕೊಟ್ಟು ಅರೆಪ್ರಜ್ಞೆಯಲ್ಲಿ ಮಾತನಾಡಿಸುತ್ತಾರೆ. ಪಾಲಿಗ್ರಾಫ್ ಮೈಯನ್ನು ಅಳೆಯುತ್ತದೆ. ಬ್ರೈನ್ ಮ್ಯಾಪಿಂಗ್ ತಲೆಯ ಮೇಲಿನ ಎಲೆಕ್ಟ್ರೋಡುಗಳ ಮೂಲಕ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುತ್ತದೆ.

ಕೊನೆಯದು ಲಿಕ್ಕೆನ್‌ನ ಉಪಾಯದ ಸೋದರ ಸಂಬಂಧಿ. ಗುರುತು ಸಿಕ್ಕ ಸಂಗತಿ ಎದುರಾದಾಗ ಸುಮಾರು 300 ಮಿಲಿಸೆಕೆಂಡು ಅಥವಾ ಅದಕ್ಕಿಂತ ತುಸು ತಡವಾಗಿ ಮೆದುಳಿನಲ್ಲಿ ‘ಪಿ-300’ ಎಂಬ ಅಲೆ ಏಳುತ್ತದೆ. ಇದು 1965ರಿಂದ ವಿಜ್ಞಾನಿಗಳಿಗೆ ಗೊತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೇಳಿ ತಿಳಿದದ್ದನ್ನೂ ಸ್ವತಃ ಮಾಡಿ ತಿಳಿದದ್ದನ್ನೂ ಬೇರ್ಪಡಿಸಬಲ್ಲದು ಎನ್ನಲಾದ ವಿಧಾನವೊಂದನ್ನು ರೂಪಿಸಿದರು. ನಿಜವಾಗಿದ್ದರೆ ಗುಬ್ಬಿಯ ನೆರೆಯವನ ತೊಡಕು ಅಲ್ಲಿಗೆ ಬಗೆಹರಿಯುತ್ತಿತ್ತು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದ ತೀರ್ಪಿನಲ್ಲಿ ಇದನ್ನು ಪರಿಗಣಿಸಿದಾಗ ಜಗತ್ತಿನ ವಿಜ್ಞಾನಿಗಳ ಹುಬ್ಬೇರಿತು. ಅದೇ ವರ್ಷ ನಿಮ್ಹಾನ್ಸ್‌ನ ಅಂದಿನ ನಿರ್ದೇಶಕ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ, ಇಂತಹ ಮೆದುಳಿನ ಪರೀಕ್ಷೆಗಳಿಗೆ ವೈಜ್ಞಾನಿಕ ಬುನಾದಿ ಸಾಲದು, ಇವನ್ನು ಸಾಕ್ಷ್ಯವಾಗಿ ಬಳಸಬಾರದು ಎಂದಿತು. ಬೆಂಗಳೂರಿನಲ್ಲಿ ಹುಟ್ಟಿದ ವಿಧಾನಕ್ಕೆ ಬೆಂಗಳೂರಿನಿಂದಲೇ ಆಕ್ಷೇಪ ಬಂತು.

ಕಾನೂನಿನ ಪ್ರಶ್ನೆಯೂ ಕರ್ನಾಟಕದಿಂದಲೇ ಎದ್ದಿತು. ಆರೋಪಿಯ ಒಪ್ಪಿಗೆಯಿಲ್ಲದೆ ಈ ಪರೀಕ್ಷೆಗಳನ್ನು ಮಾಡಬಹುದೇ? ‘ಸೆಲ್ವಿ ಮತ್ತಿತರರು ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೇಲ್ಮನವಿ 2004ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠ ತೀರ್ಪಿತ್ತಿತು. ಮೂರೂ ಪರೀಕ್ಷೆಗಳನ್ನು ಬಲವಂತವಾಗಿ ಮಾಡುವಂತಿಲ್ಲ; ಮಾಡಿದರೆ ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ, ಸಂವಿಧಾನದ 20(3)ನೆಯ ವಿಧಿಯ ಹಕ್ಕಿಗೂ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೂ ಧಕ್ಕೆ.

ಬೆರಳಚ್ಚು ತೆಗೆದುಕೊಳ್ಳಬಹುದಾದರೆ ಬೆರಳ ಬೆವರು ಏಕಾಗದು ಎಂಬ ಪ್ರಶ್ನೆ ಸಹಜ. ಬೆರಳಚ್ಚು, ಕೈಬರಹದ ಮಾದರಿ ಕೊಡಿಸುವುದು ಸಾಕ್ಷ್ಯ ನುಡಿಸಿದಂತಲ್ಲ ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 1961ರಲ್ಲೇ ಹೇಳಿತ್ತು. ಸೆಲ್ವಿ ತೀರ್ಪು ಈ ಗೆರೆಯನ್ನು ಸ್ಪಷ್ಟಗೊಳಿಸಿತು. ಬೆರಳಚ್ಚು ಮೈಯ ಗುರುತು. ಅದನ್ನು ಬೇರೊಂದು ಅಚ್ಚಿನೊಡನೆ ಹೋಲಿಸಿ ನೋಡುತ್ತಾರೆ, ಅಷ್ಟೇ. ಬೆವರಿನ ಗೆರೆ ಮನುಷ್ಯನ ಮನಸ್ಸಿನೊಳಗಿನ ತಿಳಿವಳಿಕೆಯನ್ನು ಹೊರಗೆ ತರುತ್ತದೆ. ಬಾಯಿ ತೆರೆಯದಿದ್ದರೂ ಅದು ನುಡಿದಂತೆಯೇ. ಸುಮ್ಮನಿರುವ ಹಕ್ಕು ನಾಲಿಗೆಗೆ ಮಾತ್ರವಲ್ಲ, ಮನಸ್ಸಿಗೂ ಇದೆ ಎಂಬುದು ತೀರ್ಪಿನ ಸಾರ. ಘಟನೆಯನ್ನು ಬರಿದೆ ಕಂಡವನೂ ಇಂತಹ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು, ಸುದ್ದಿಯಿಂದಲೋ ತನಿಖೆಯವರಿಂದಲೋ ತಿಳಿದ ವಿವರಕ್ಕೂ ಮೆದುಳು ಸ್ಪಂದಿಸಬಹುದು ಎಂಬುದನ್ನೂ ತೀರ್ಪು ಗಮನಿಸಿದೆ.

ಒಪ್ಪಿಗೆಯ ಬೆಲೆ

ಒಪ್ಪಿದವನಿಗೆ ಪರೀಕ್ಷೆ ಮಾಡಬಹುದು. ಅದಕ್ಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ ನೀಡಿದ ಮಾರ್ಗಸೂಚಿಯನ್ನು ಪಾಲಿಸಬೇಕೆಂದು ಕೋರ್ಟ್ ಹೇಳಿದೆ. ಅದರಂತೆ ಆರೋಪಿಗೆ ವಕೀಲರ ನೆರವು ದೊರೆಯಬೇಕು. ಪರೀಕ್ಷೆಯಿಂದ ಮೈಮನಸ್ಸಿಗೆ, ಕಾನೂನಿನ ದೃಷ್ಟಿಗೆ ಏನಾಗುತ್ತದೆಂದು ತಿಳಿಹೇಳಬೇಕು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಪರೀಕ್ಷೆ ನಡೆಸುವುದು ಆಸ್ಪತ್ರೆಯಂತಹ ಸ್ವತಂತ್ರ ಸಂಸ್ಥೆಯಾಗಿರಬೇಕು.

ಕುಣಿಗಲ್ಲಿನ ಕೂಲಿಯಾಳೊಬ್ಬನನ್ನು ಠಾಣೆಗೆ ಕರೆಸಿ ‘ತಪ್ಪು ಮಾಡಿಲ್ಲದಿದ್ದರೆ ಹೆದರಿಕೆ ಏಕೆ? ಸಹಿ ಹಾಕು’ ಎಂದರೆ ಅದು ಒಪ್ಪಿಗೆಯಾಗದು. ಪ್ರಮಾಣಕ್ಕೆ ಹಿಂಜರಿದವನೇ ಕಳ್ಳ ಎಂಬ ಹಳೆಯ ನ್ಯಾಯ ಅದು. ಪರೀಕ್ಷೆಗೆ ಒಲ್ಲೆನೆನ್ನುವುದು ಹಕ್ಕು, ಅಪರಾಧದ ಗುರುತಲ್ಲ. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಮತ್ತೆ ಎತ್ತಿಹಿಡಿಯಿತು. ಆರೋಪಿ ತಾನಾಗಿ ಮಂಪರು ಪರೀಕ್ಷೆ ಕೇಳಿದರೂ ಅದು ಕೇಳಿದೊಡನೆ ಸಿಗಲೇಬೇಕಾದ ಹಕ್ಕಲ್ಲ, ತಕ್ಕ ಹಂತದಲ್ಲಿ ನ್ಯಾಯಾಲಯ ಪರಿಗಣಿಸಬೇಕಾದ ವಿಷಯ ಎಂದೂ ಹೇಳಿತು.

ಒಪ್ಪಿಗೆಯಿಂದಲೇ ಮಾಡಿದರೂ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಅದರ ಸುಳಿವಿನಿಂದ ವಸ್ತುವೇನಾದರೂ ಸಿಕ್ಕಿದರೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದು. ಇದರ ಮೂಲ 1872ರ ಸಾಕ್ಷ್ಯ ಅಧಿನಿಯಮದ 27ನೆಯ ಕಲಮು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ಅದೇ ಮಾತಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಆದರೆ ‘ಒಡವೆಯನ್ನು ಕೆರೆ ಏರಿಯ ಕೆಳಗೆ ಹೂತಿದ್ದೇನೆ’ ಎಂದು ಆರೋಪಿ ಹೇಳಿ, ಅಗೆದಾಗ ಅದು ಸಿಕ್ಕಿದರೆ ಅಷ್ಟು ಮಾತಿಗೆ ಬೆಲೆಯಿದೆ. ಸಿಕ್ಕ ವಸ್ತುವಿನಷ್ಟೇ ಅದು ಅಲ್ಲಿದೆಯೆಂದು ಅವನಿಗೆ ಗೊತ್ತಿತ್ತು ಎಂಬುದೂ ಮುಖ್ಯ ಎಂದು ಪ್ರಿವಿ ಕೌನ್ಸಿಲ್ 1946ರಷ್ಟು ಹಿಂದೆಯೇ ತಿಳಿಸಿತ್ತು. ಲಿಕ್ಕೆನ್‌ಗಿಂತ ಮೊದಲೇ ಕಾನೂನು ಅಂಜಿಕೆಗೂ ತಿಳಿವಳಿಕೆಗೂ ಇರುವ ಅಂತರವನ್ನು ಕಂಡುಕೊಂಡಿತ್ತು.

ಈಗ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು ವಿಧಿಸುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ರಕ್ತದ ಕಲೆ, ಬೆರಳಚ್ಚುಗಳ ಜೊತೆಗೆ ಅವರು ಇನ್ನೊಂದನ್ನೂ ಅಲ್ಲಿಂದ ಎತ್ತಿಕೊಳ್ಳಬಹುದು. ಯಾರಿಗೂ ಹೇಳಬಾರದ ನಾಲ್ಕೈದು ವಿವರಗಳನ್ನು ಅಲ್ಲೇ ಆರಿಸಿ, ಮನೆಯವರಿಗೆ ಬಾಯಿ ಬಿಡದಂತೆ ತಿಳಿಹೇಳಿ, ಮುಚ್ಚಿದ ಲಕೋಟೆಯಲ್ಲಿ ಇಟ್ಟರೆ ಸಾಕು. ಇದಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರ ಬೇಡ. ನೆರೆದವರು ಅಂಗಳದಾಚೆ ನಿಲ್ಲಬೇಕು, ಕ್ಯಾಮೆರಾದವರು ಗುಡಾಣದ ಚಿತ್ರವನ್ನು ಬಿಟ್ಟುಕೊಡಬೇಕು, ವರದಿಗಾರರು ಒಂದೆರಡು ಸಾಲು ಕಡಿಮೆ ಬರೆಯಬೇಕು. ಮಡಿವಾಳದಲ್ಲಿ ಎಂತಹ ಯಂತ್ರವಿದ್ದರೂ ಅದು ಕೇಳಬಹುದಾದ ಪ್ರಶ್ನೆಗಳು ಉಳಿಯುವುದೋ ಅಳಿಯುವುದೋ ಎಂಬುದು ಗುಬ್ಬಿಯ ಆ ಮನೆಯ ಹೊಸ್ತಿಲಲ್ಲಿ, ಮೊದಲ ಒಂದು ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ.